ಅಮೆರಿಕದಲ್ಲಿ ಎಂಎಸ್ ಮಾಡಿದರೆ ಮೂರು ವರ್ಷ ಕೆಲಸ ಗ್ಯಾರಂಟಿಯೇ?

"ಅಮೆರಿಕದಲ್ಲಿ ಎಂಎಸ್ ಮಾಡಿದರೆ ಮೂರು ವರ್ಷ ಕೆಲಸ ಗ್ಯಾರಂಟಿ. ಸಾಲ ಅಲ್ಲೇ ತೀರುತ್ತೆ. ಆಮೇಲೆ ಎಚ್-1ಬಿ ತಾನಾಗಿ ಸಿಗುತ್ತೆ. ಎಲ್ಲರಿಗೂ ಫಾರ್ವರ್ಡ್ ಮಾಡಿ."

ಇಂಥದೊಂದು ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ತುಮಕೂರು ಕಡೆಯ ಓದುಗರೊಬ್ಬರು ಇದನ್ನು ನಮಗೆ ಕಳುಹಿಸಿ, "ಇದು ನಿಜವೇ ಆಗಿದ್ದರೆ ಸೈಟ್ ಅಡ ಇಟ್ಟು ಮಗನನ್ನು ಕಳಿಸುತ್ತೇನೆ, ಸ್ವಲ್ಪ ನೋಡಿ ಹೇಳಿ" ಎಂದು ಬರೆದಿದ್ದರು. ಹಾಗಾಗಿ ಮೆಸೇಜಿನ ಒಂದೊಂದು ಮಾತನ್ನೂ ಬಿಡಿಸಿ ನೋಡೋಣ.

"ಮೂರು ವರ್ಷ" ಎಲ್ಲಿಂದ ಬಂತು?

ಓದಲು ಹೋಗುವವರಿಗೆ ಸಿಗುವುದು ಎಫ್-1 ವೀಸಾ. ಓದು ಮುಗಿದ ಮೇಲೆ, ಓದಿದ ವಿಷಯಕ್ಕೆ ಸಂಬಂಧಪಟ್ಟ ಕೆಲಸವನ್ನು 12 ತಿಂಗಳು ಮಾಡಲು ಅನುಮತಿ ಕೇಳಬಹುದು. ಇದಕ್ಕೆ ಒಪಿಟಿ ಎನ್ನುತ್ತಾರೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಕೋರ್ಸ್ ಓದಿದವರು ಇನ್ನೂ 24 ತಿಂಗಳು ವಿಸ್ತರಣೆ ಕೇಳಬಹುದು. ಇದೇ ಸ್ಟೆಮ್ ವಿಸ್ತರಣೆ. ಎರಡೂ ಸೇರಿದರೆ 36 ತಿಂಗಳು. ಅಂದರೆ ಮೆಸೇಜಿನಲ್ಲಿರುವ ಅಂಕಿ ಸರಿಯಾಗಿದೆ, ತಪ್ಪಿರುವುದು "ಗ್ಯಾರಂಟಿ" ಎಂಬ ಪದ. ಸರ್ಕಾರ ಕೊಡುವುದು ಕೆಲಸ ಮಾಡುವ ಅನುಮತಿ. ಕೆಲಸ ಹುಡುಕಿಕೊಳ್ಳಬೇಕಾದವರು ನೀವೇ.

ಎಲ್ಲ ಕೋರ್ಸಿಗೂ 36 ತಿಂಗಳು ಸಿಗುವುದಿಲ್ಲ. ಎಲ್ಲ ಎಂಬಿಎಗಳೂ ಸ್ಟೆಮ್ ಪಟ್ಟಿಯಲ್ಲಿಲ್ಲ. ಕಾಲೇಜು ಕೊಡುವ ಐ-20 ಪತ್ರದಲ್ಲಿ ಕೋರ್ಸಿನ ಸಿಐಪಿ ಕೋಡ್ ಇರುತ್ತದೆ. ಆ ಕೋಡ್ ಸ್ಟೆಮ್ ಪಟ್ಟಿಯಲ್ಲಿದೆಯೇ ಎಂದು ಫೀಸ್ ಕಟ್ಟುವ ಮೊದಲೇ ನೋಡಿಕೊಳ್ಳಿ.

ಕೆಲಸ ಸಿಗದಿದ್ದರೆ?

ಫಾರ್ವರ್ಡ್‌ಗಳು ಹೇಳದೆ ಬಿಡುವ ಮಾತು ಇದು. ಒಪಿಟಿಯ ಮೊದಲ ವರ್ಷದಲ್ಲಿ ಕೆಲಸವಿಲ್ಲದೆ ಇರಬಹುದಾದದ್ದು ಒಟ್ಟು 90 ದಿನ ಮಾತ್ರ. ಶನಿವಾರ, ಭಾನುವಾರ, ಹಬ್ಬ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಅನುಮತಿ ಕಾರ್ಡಿನಲ್ಲಿ ಆರಂಭದ ದಿನ ಜುಲೈ 1 ಎಂದಿದ್ದರೆ ಸೆಪ್ಟೆಂಬರ್ 28ಕ್ಕೆ 90 ದಿನ ಮುಗಿಯಿತು. ಅದನ್ನು ಮೀರಿದರೆ ಅಲ್ಲಿ ಉಳಿಯುವ ಹಕ್ಕಿಗೇ ಕುತ್ತು ಬರುತ್ತದೆ. ಸ್ಟೆಮ್ ವಿಸ್ತರಣೆ ಸಿಕ್ಕವರಿಗೆ ಇನ್ನೂ 60 ದಿನ ಸೇರಿ ಒಟ್ಟು 150 ದಿನ ಆಗುತ್ತದೆ.

ವಿಸ್ತರಣೆಗೂ ಷರತ್ತುಗಳಿವೆ. ಕಂಪನಿ ಸರ್ಕಾರದ ಇ-ವೆರಿಫೈ ವ್ಯವಸ್ಥೆಯಲ್ಲಿ ನೋಂದಣಿ ಆಗಿರಬೇಕು, ಸಂಬಳ ಕೊಡಬೇಕು, ಐ-983 ಎಂಬ ತರಬೇತಿ ಯೋಜನೆಗೆ ಸಹಿ ಹಾಕಬೇಕು. ಈ 90 ದಿನದ ಭಯವನ್ನೇ ಬಂಡವಾಳ ಮಾಡಿಕೊಂಡು, ಹೆಸರಿಗೊಂದು ಕಂಪನಿಯ ಆಫರ್ ಲೆಟರ್ ಮಾರುವವರಿದ್ದಾರೆ. ಅದನ್ನು ಕೊಂಡು ತೋರಿಸುವುದು ಸರ್ಕಾರಕ್ಕೆ ಸುಳ್ಳು ಹೇಳಿದಂತೆ. ಮುಂದಿನ ವೀಸಾಗಳಿಗೂ ಅದೇ ಅಡ್ಡಿಯಾಗಬಹುದು.

"ಮೊದಲ ದಿನದಿಂದಲೇ ಕೆಲಸ" ಎನ್ನುವವರು

ಓದುವಾಗ ಕ್ಯಾಂಪಸ್ ಒಳಗೆ, ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆವರೆಗೆ ಕೆಲಸ ಮಾಡಬಹುದು. ಹೊರಗಡೆ ಅಂಗಡಿ, ಪೆಟ್ರೋಲ್ ಬಂಕ್‌ಗಳಲ್ಲಿ ಅನುಮತಿಯಿಲ್ಲದೆ ದುಡಿಯುವುದು ನಿಯಮ ಉಲ್ಲಂಘನೆ. ಕೋರ್ಸಿನ ಭಾಗವಾಗಿ ಹೊರಗೆ ಕೆಲಸ ಮಾಡಲು ಸಿಪಿಟಿ ಎಂಬ ಅನುಮತಿ ಇದೆ. ಆದರೆ ಪೂರ್ಣಾವಧಿ ಸಿಪಿಟಿಯನ್ನು 12 ತಿಂಗಳು ಬಳಸಿದರೆ ಆ ಹಂತದ ಓದಿಗೆ ಒಪಿಟಿ ಸಿಗುವುದಿಲ್ಲ.

"ಕ್ಲಾಸಿಗೆ ಹೋಗುವುದೇ ಬೇಡ" ಎನ್ನುವವರ ಮಾತು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಮಿಷಿಗನ್ ರಾಜ್ಯದ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ ಉದಾಹರಣೆ. ಅದಕ್ಕೆ ವೆಬ್‌ಸೈಟ್ ಇತ್ತು, ಆಫೀಸ್ ಇತ್ತು, ಆದರೆ ಮೇಷ್ಟ್ರುಗಳೂ ಇರಲಿಲ್ಲ, ತರಗತಿಗಳೂ ಇರಲಿಲ್ಲ. ವೀಸಾ ವಂಚನೆ ಹಿಡಿಯಲು ಅಮೆರಿಕದ ವಲಸೆ ಅಧಿಕಾರಿಗಳೇ ನಡೆಸುತ್ತಿದ್ದ ನಕಲಿ ಸಂಸ್ಥೆ ಅದು. 2019ರ ಜನವರಿಯಲ್ಲಿ ಈ ಗುಟ್ಟು ಹೊರಬಿತ್ತು. ಆಗ ಬಂಧನಕ್ಕೊಳಗಾದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ಸೇರಿಸಿಕೊಟ್ಟ 8 ಮಂದಿ ಏಜೆಂಟರ ಮೇಲೂ ಕೇಸ್ ಆಯಿತು.

ಎಚ್-1ಬಿ ತಾನಾಗಿ ಸಿಗುತ್ತದೆಯೇ?

ಇಲ್ಲ. ಎಚ್-1ಬಿಗೆ ಅರ್ಜಿ ಹಾಕಬೇಕಾದದ್ದು ಕಂಪನಿ. ವರ್ಷಕ್ಕೆ ಮಿತಿ 65,000, ಜೊತೆಗೆ ಅಮೆರಿಕದಲ್ಲೇ ಮಾಸ್ಟರ್ಸ್ ಅಥವಾ ಅದಕ್ಕಿಂತ ಮೇಲೆ ಓದಿದವರಿಗೆ 20,000. ಅರ್ಜಿಗಳು ಇದಕ್ಕಿಂತ ಬಹಳ ಹೆಚ್ಚು ಬರುವುದರಿಂದ ಆಯ್ಕೆ ನಡೆಯುತ್ತದೆ. ಒಳ್ಳೆಯ ಕಂಪನಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದ್ದವರ ಹೆಸರೂ ಬಾರದೆ ಇರಬಹುದು.

ಇದಕ್ಕೆ ವಿರುದ್ಧವಾದ ಫಾರ್ವರ್ಡ್ ಕೂಡ ಓಡಾಡುತ್ತಿದೆ: "ಇನ್ನು ಮೇಲೆ ಎಲ್ಲ ವಿದ್ಯಾರ್ಥಿಗಳೂ ಒಂದು ಲಕ್ಷ ಡಾಲರ್ ಕಟ್ಟಬೇಕು." ಇದೂ ಸರಿಯಲ್ಲ. 2025ರ ಸೆಪ್ಟೆಂಬರ್‌ನಲ್ಲಿ 1 ಲಕ್ಷ ಡಾಲರ್ ಶುಲ್ಕದ ಆದೇಶ ಬಂದದ್ದು ನಿಜ. ಆದರೆ ಅಮೆರಿಕದೊಳಗೇ ಎಫ್-1ನಿಂದ ಎಚ್-1ಬಿಗೆ ಬದಲಾಗುವವರಿಗೆ ಅದು ಅನ್ವಯಿಸುವುದಿಲ್ಲ ಎಂದು ಅಕ್ಟೋಬರ್‌ನಲ್ಲಿ ಅಲ್ಲಿನ ವಲಸೆ ಇಲಾಖೆ ಸ್ಪಷ್ಟಪಡಿಸಿತು.

ಹಾಗಾದರೆ ಸೈಟ್ ಅಡ ಇಡಬಹುದೇ?

ಅದು ಮನೆಯವರು ಕೂತು ತೀರ್ಮಾನಿಸಬೇಕಾದ ವಿಷಯ. ಓದಲು ಕಳಿಸುವುದು ತಪ್ಪು ಎಂದು ನಾವು ಹೇಳುತ್ತಿಲ್ಲ. ಅಲ್ಲಿ ಓದಿ, ಕೆಲಸ ಹಿಡಿದು, ಸಾಲ ತೀರಿಸಿದವರು ಬಹಳ ಮಂದಿ ಇದ್ದಾರೆ. ಆದರೆ ಲೆಕ್ಕ ಹಾಕುವಾಗ ಒಪಿಟಿ ಸಂಬಳವನ್ನು ಬಂದೇ ಬರುವ ದುಡ್ಡು ಎಂದು ಬರೆದುಕೊಳ್ಳಬೇಡಿ. ಮಗ 90 ದಿನ ಕೆಲಸ ಸಿಗದೆ ಊರಿಗೆ ವಾಪಸ್ ಬಂದರೆ, ಇಲ್ಲಿನ ಸಂಬಳದಲ್ಲಿ ಕಂತು ಕಟ್ಟಲು ಆಗುತ್ತದೆಯೇ? ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದ ಒಂದು ವರ್ಷದೊಳಗೆ ಶುರುವಾಗುತ್ತದೆ, ಬಡ್ಡಿ ಅದಕ್ಕೂ ಮೊದಲೇ ಬೆಳೆಯುತ್ತಿರುತ್ತದೆ. ಈ ಪ್ರಶ್ನೆಗೆ "ಕಷ್ಟವಾದರೂ ಕಟ್ಟುತ್ತೇವೆ" ಎಂಬ ಉತ್ತರ ಬಂದರೆ ಮುಂದುವರಿಯಿರಿ. "ಆಗುವುದೇ ಇಲ್ಲ" ಎಂದಾದರೆ ಕಡಿಮೆ ಫೀಸಿನ ಕಾಲೇಜು ನೋಡಿ, ಇಲ್ಲವೇ ಒಂದೆರಡು ವರ್ಷ ಇಲ್ಲೇ ದುಡಿದು ಆಮೇಲೆ ಹೊರಡಿ.

ನಿಯಮಗಳು ಆಗಾಗ ಬದಲಾಗುತ್ತಿರುತ್ತವೆ. ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಮತ್ತು ಅಮೆರಿಕ ಸರ್ಕಾರದ ವೆಬ್‌ಸೈಟನ್ನು ಕೇಳದೆ, ನೋಡದೆ ದುಡ್ಡು ಕಟ್ಟಬೇಡಿ. "ಗ್ಯಾರಂಟಿ" ಎಂಬ ಪದವಿರುವ ವೀಸಾ ಮೆಸೇಜ್ ಮತ್ತೆ ಬಂದರೆ ಅದನ್ನು ಮುಂದಕ್ಕೆ ಕಳಿಸುವ ಬದಲು, ಮಕ್ಕಳನ್ನು ಹೊರಗೆ ಕಳಿಸಲು ಯೋಚಿಸುತ್ತಿರುವವರಿಗೆ ಇದನ್ನು ಕಳಿಸಿ.