ಮರಣದ ಪುಸ್ತಕದಲ್ಲಿ ‘ಜ್ವರ’

ತಿಕೋಟಾ ಇಲ್ಲವೆ ಬಬಲೇಶ್ವರದ ಹಿರಿಯರನ್ನು, ‘ನಿಮ್ಮ ಮುತ್ತಜ್ಜ ಯಾವ ಬೇನೆಯಿಂದ ತೀರಿಕೊಂಡರು?’ ಎಂದು ಕೇಳಿ ನೋಡಿರಿ. ‘ಜ್ವರ ಬಂದಿತ್ತು, ಹೋದರು’ ಎಂಬ ಉತ್ತರವೇ ಹೆಚ್ಚಾಗಿ ಬರುವುದು. ಸರಕಾರದ ಹಳೆಯ ದಾಖಲೆಗಳೂ ಇದಕ್ಕಿಂತ ಬಹಳ ಹೆಚ್ಚೇನನ್ನೂ ಹೇಳುವುದಿಲ್ಲ.

ಮುಂಬಯಿ ಇಲಾಖೆಯ ಕಾಲದಲ್ಲಿ ಹಳ್ಳಿಯ ಜನನ ಮರಣಗಳನ್ನು ಬರೆದಿಡುತ್ತಿದ್ದವರು ವೈದ್ಯರಲ್ಲ, ಊರ ಗೌಡರು ಮತ್ತು ಕುಲಕರ್ಣಿಯವರು. ಕಾಲರಾ, ಸಿಡುಬು, ಪ್ಲೇಗು, ಜ್ವರ, ಆಮಶಂಕೆ ಮತ್ತು ಭೇದಿ, ಶ್ವಾಸದ ರೋಗ, ಗಾಯ, ಇತರೆ ಇವೇ ಮುಖ್ಯ ಅಂಕಣಗಳು. ಮೈಮೇಲಿನ ಗುಳ್ಳೆಗಳನ್ನಾಗಲಿ ಬಗಲಿನ ಗಡ್ಡೆಯನ್ನಾಗಲಿ ಯಾರಾದರೂ ಗುರುತಿಸಬಲ್ಲರು. ಆದರೆ ಮಲೇರಿಯಾ, ವಿಷಮಶೀತಜ್ವರ, ಬಾಣಂತಿಯ ನಂಜು, ಎಷ್ಟೋ ಸಲ ಕ್ಷಯವೂ ಕೂಡ, ಜ್ವರದ ಒಂದೇ ಅಂಕಣದಲ್ಲಿ ಸೇರಿಹೋದವು. 1918ರ ಇನ್‌ಫ್ಲುಯೆಂಜಾ ದೇಶದಲ್ಲಿ ಒಂದು ಕೋಟಿಗೂ ಮೀರಿ ಜನರನ್ನು ಕೊಂದಿತು. ಅದರ ಸಾವುಗಳೂ ಬಹುಪಾಲು ಜ್ವರದ ಲೆಕ್ಕಕ್ಕೇ ಬಿದ್ದುದರಿಂದ, ಹಿಂದಿನ ವರ್ಷಗಳಿಗಿಂತ ಹೆಚ್ಚಾದುದೆಷ್ಟೆಂದು ಕಳೆದು ನೋಡಿಯೇ ಅದರ ಅಂದಾಜು ಮಾಡಬೇಕಾಯಿತು! 1876-78ರ ಬರದಲ್ಲಿ ನಮ್ಮ ಜಿಲ್ಲೆ, ಅಂದಿನ ಕಲಾದಗಿ ಜಿಲ್ಲೆ, ಬಹಳವಾಗಿ ನೊಂದಿತು. ಹಸಿದು ಬಲಗುಂದಿದವರನ್ನು ಕೊನೆಗೆ ಒಯ್ಯುತ್ತಿದ್ದುದು ಕಾಲರಾ, ಭೇದಿ ಇಲ್ಲವೆ ಜ್ವರ.

ಆರೋಗ್ಯದ ಕೆಲಸವೆಂದರೆ ಆಗ ಮುಖ್ಯವಾಗಿ ದೇವಿ ಹಾಕುವುದು ಮತ್ತು ಕಾಲರಾ ಬಂದಾಗ ಬಾವಿಗೆ ಕೆಂಪು ಔಷಧಿ ಸುರಿಯುವುದು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ನಮ್ಮ ಕಡೆಗೂ ಹಬ್ಬಿತು. ಹಾಫ್‌ಕಿನರ ಚುಚ್ಚುಮದ್ದು 1897ರಲ್ಲಿಯೇ ಬಂದರೂ ಜನ ಅದಕ್ಕೆ ಅಂಜುತ್ತಿದ್ದರು. ಅವರಿಗೆ ತಿಳಿದ ಉಪಾಯ ಬೇರೆ: ಇಲಿ ಬಿದ್ದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದು. ಇದನ್ನು ಮೂಢತನವೆನ್ನಲು ನಾನು ಒಪ್ಪುವುದಿಲ್ಲ. ಸತ್ತ ಇಲಿಯನ್ನು ಬಿಟ್ಟ ಚಿಗಟವೇ ಮನುಷ್ಯನನ್ನು ಕಚ್ಚಿ ರೋಗ ತರುವುದೆಂದು ಶಾಸ್ತ್ರಜ್ಞರು ಆಮೇಲೆ ಸಿದ್ಧಪಡಿಸಿದರು.

ಮರಣದ ಪುಸ್ತಕಕ್ಕೆ ಸಾಮಾನ್ಯವಾಗಿ ಬಾರದ ಬೇನೆಯೊಂದು ನಮ್ಮ ಜಿಲ್ಲೆಯನ್ನು ಬಹುಕಾಲ ಕಾಡಿತು. ಅದು ನಾರುಹುಣ್ಣು. ಮೆಟ್ಟಿಲ ಬಾವಿಯ ನೀರಿನಲ್ಲಿರುವ ಸಣ್ಣ ಜಲಕೀಟದೊಡನೆ ಅದರ ಮರಿ ಹೊಟ್ಟೆ ಸೇರಿ, ವರುಷದ ತರುವಾಯ ಗೇಣುಗಟ್ಟಲೆ ಉದ್ದದ ಹುಳುವಾಗಿ ಕಾಲಿನಿಂದ ಹೊರಬರುತ್ತಿತ್ತು. ಉರಿ ತಾಳದೆ ರೋಗಿ ಬಾವಿಗಿಳಿದು ಕಾಲು ಅದ್ದಿದರೆ ಹುಳು ಮತ್ತೆ ಮರಿಗಳನ್ನು ನೀರಿಗೆ ಬಿಡುತ್ತಿತ್ತು. ಸಾಯುವವರು ಕಡಿಮೆ, ಆದರೆ ದುಡಿಯುವವನು ವಾರಗಟ್ಟಲೆ ಹಾಸಿಗೆ ಹಿಡಿಯುತ್ತಿದ್ದನು. ಮದ್ದೆಂದರೆ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟರಂತೆ ಎಳೆಯುವುದು. ನೀರು ಸೋಸಿ ಕುಡಿಯುವುದನ್ನು ಕಲಿಸಿ, ಮೆಟ್ಟಿಲ ಬಾವಿಗಳ ಬದಲು ಕೊಳವೆಬಾವಿ ತೋಡಿಸಿದ ಮೇಲೆ ಅದು ಇಳಿಯಿತು. ಭಾರತದ ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ, ರಾಜಸ್ಥಾನದಲ್ಲಿ.