ಕಡಲ ಹಕ್ಕಿ ನೋಡಲು ದೋಣಿ ಏರುವ ಮುನ್ನ



ಅಕ್ಟೋಬರ್ ತಿಂಗಳ ಪ್ರವಾಸ ಮಲ್ಪೆಗೆ ಎಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದ ಮೇಲೆ ರಾಯದುರ್ಗ, ಮಡಕಶಿರಾ ಎರಡೂ ಕಡೆಯಿಂದ ಒಂದೇ ಪ್ರಶ್ನೆ ಬರುತ್ತಿದೆ. ದಡದಲ್ಲಿ ನಿಂತರೆ ಹಕ್ಕಿ ಕಾಣುವುದಿಲ್ಲವೇ, ಅದಕ್ಕೆ ದೋಣಿ ಏಕೆ, ಮೇಲೆ ಅಷ್ಟು ದುಡ್ಡು ಏಕೆ? ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ. ಪೂರ್ತಿ ಓದಿ, ಆಮೇಲೆ ಹೆಸರು ಕೊಡಿ.

ನಮ್ಮ ಕಡೆಯವರಿಗೆ ಹಕ್ಕಿ ನೋಡುವುದೆಂದರೆ ವೀರಾಪುರ. ಹಿಂದೂಪುರದ ಆಚೆ, ಚಿಲಮತ್ತೂರು ಮಂಡಲದ ಆ ಹಳ್ಳಿಯಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ, ಊರವರು ಅವುಗಳನ್ನು ಕಾಯುತ್ತಾರೆ. ಬಸ್ಸಿಳಿದು ತಲೆ ಎತ್ತಿದರೆ ಸಾಕು. ನಿಜವಾದ ಕಡಲ ಹಕ್ಕಿಯ ಬಾಳು ಹಾಗಲ್ಲ. ಮೊಟ್ಟೆ ಇಟ್ಟು ಮರಿ ಮಾಡಲಷ್ಟೇ ಅದಕ್ಕೆ ನೆಲ ಬೇಕು, ಅದೂ ಸಾಮಾನ್ಯವಾಗಿ ಯಾವುದೋ ದೂರದ ದ್ವೀಪದಲ್ಲಿ. ಉಳಿದ ತಿಂಗಳೆಲ್ಲ ನೀರ ಮೇಲೆಯೇ ಊಟ, ನಿದ್ದೆ. ಬಾಯಾರಿದರೆ ಉಪ್ಪು ನೀರನ್ನೇ ಕುಡಿಯುತ್ತದೆ. ಕಣ್ಣಿನ ಮೇಲ್ಭಾಗದಲ್ಲಿರುವ ಒಂದು ಗ್ರಂಥಿ ರಕ್ತದಲ್ಲಿ ಹೆಚ್ಚಾದ ಉಪ್ಪನ್ನು ಸೋಸಿ ಹೊರಹಾಕುತ್ತದೆ, ಅದು ಕೊಕ್ಕಿನ ತುದಿಯಿಂದ ಹನಿಹನಿಯಾಗಿ ತೊಟ್ಟಿಕ್ಕುತ್ತದೆ.

ಆದ್ದರಿಂದ ಮಲ್ಪೆ ದಡದಲ್ಲಿ ನಮಗೆ ಕಾಣುವುದು ಗರುಡ, ಬೆಳ್ಳಕ್ಕಿ, ಚಳಿಗಾಲಕ್ಕೆ ಬರುವ ಸೀಗಲ್‌ಗಳು ಮತ್ತು ಭದ್ರಾ ಹಿನ್ನೀರಿನಲ್ಲಿ ಕಾಣುವ ರೀವದ ಕಡಲ ನೆಂಟರು. ಸುಮಾರು 6 ಕಿ.ಮೀ. ದೂರದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೂ ಬಹುಮಟ್ಟಿಗೆ ಇಷ್ಟೇ, ಅದೃಷ್ಟವಿದ್ದರೆ ಬಿಳಿ ಹೊಟ್ಟೆಯ ಕಡಲ ಹದ್ದು ಸಿಗಬಹುದು. ಆ ಹದ್ದಿನ ಗೂಡುಗಳಿಗೆ ಹೆಸರಾದದ್ದು ಇನ್ನೂ ಉತ್ತರಕ್ಕೆ, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ಆಳ ಸಮುದ್ರದ ಹಕ್ಕಿ ಬೇಕೆಂದರೆ 30–40 ಕಿ.ಮೀ. ಒಳಕ್ಕೆ ಹೋಗಬೇಕು. ದೋಣಿಯ ವೇಗದಲ್ಲಿ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ.

ಅಷ್ಟು ದೂರ ಹೋದರೆ ಏನಿದೆ? ಮುಂಗಾರಿನ ಗಾಳಿ ಕರಾವಳಿಯ ಮೇಲ್ನೀರನ್ನು ಆಚೆಗೆ ಸರಿಸುತ್ತದೆ. ಆ ಜಾಗಕ್ಕೆ ಅಡಿಯಿಂದ ತಣ್ಣನೆಯ, ಸತ್ವ ತುಂಬಿದ ನೀರು ಏರುತ್ತದೆ. ನಮ್ಮ ಹೊಲಕ್ಕೆ ಕೆರೆ ಗೋಡು ಹೊಡೆದ ಹಾಗೆ. ಅದರಿಂದ ಕಣ್ಣಿಗೆ ಕಾಣದ ಸಸ್ಯ ಮತ್ತು ಜೀವಿಗಳು ಹುಲುಸಾಗಿ ಬೆಳೆಯುತ್ತವೆ, ಅವನ್ನು ತಿನ್ನಲು ಬೂತಾಯಿ, ಬಂಗುಡೆ ಬರುತ್ತವೆ, ಮೀನಿನ ಹಿಂದೆ ಹಕ್ಕಿ. ರಾಯದುರ್ಗದಲ್ಲಿ ಮಳೆ ತರದೆ ಮೋಸ ಮಾಡುವ ಅದೇ ಮುಂಗಾರು ಅಲ್ಲಿ ಇಷ್ಟು ಕೆಲಸ ಮಾಡುತ್ತದೆ!

ಈ ಹಕ್ಕಿಗಳಲ್ಲಿ ನನಗೆ ಬಹಳ ಹಿಡಿಸಿದ್ದು ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್. ಪಿಕಳಾರದಷ್ಟೇ ಗಾತ್ರ, ಕಪ್ಪು ಮೈ, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಮರಿ ಮಾಡುವುದು ಅಂಟಾರ್ಕ್ಟಿಕಾ ಕಡೆಯ ಬಂಡೆ ಸಂದುಗಳಲ್ಲಿ, ಅಲ್ಲಿ ಚಳಿ ಏರಿದಾಗ ನಮ್ಮ ಅರಬ್ಬೀ ಸಮುದ್ರಕ್ಕೆ ಬರುತ್ತದೆ. ಕಾಲುಗಳನ್ನು ಇಳಿಬಿಟ್ಟು ನೀರ ಮೇಲೆ ಪಟಪಟ ಹೆಜ್ಜೆ ಹಾಕುತ್ತಾ ಮೇಯುತ್ತದೆ. ಬೈಬಲಿನ ಪೀಟರ್ ನೀರ ಮೇಲೆ ನಡೆದ ಕಥೆಯಿಂದಲೇ ಪೆಟ್ರೆಲ್ ಎಂಬ ಹೆಸರು ಬಂತೆನ್ನುತ್ತಾರೆ. ಇದಕ್ಕೂ ಶಿಯರ್‌ವಾಟರ್ ಎಂಬ ಉದ್ದ ರೆಕ್ಕೆಯ ಹಕ್ಕಿಗೂ ಕೊಕ್ಕಿನ ಮೇಲೆ ನಳಿಕೆಯಂಥ ಮೂಗು. ವಾಸನೆ ಹಿಡಿದು ಬಹು ದೂರದಿಂದ ಬರುತ್ತವೆ, ಅದಕ್ಕೇ ಹಕ್ಕಿ ನೋಡುವವರು ನೀರಿಗೆ ಮೀನೆಣ್ಣೆ ಸುರಿಯುವುದುಂಟು. ಅಕ್ಟೋಬರ್ ಹೊತ್ತಿಗೆ ಇವುಗಳಲ್ಲಿ ಹೆಚ್ಚಿನವು ಹೊರಟಿರುತ್ತವೆ. ಆಗ ಉತ್ತರ ಧ್ರುವದ ಕಡೆಯಿಂದ ಸ್ಕುವಾ ಬರುತ್ತದೆ. ರೀವ ಹಿಡಿದ ಮೀನನ್ನು ಬೆನ್ನಟ್ಟಿ ಕಕ್ಕಿಸಿ ತಾನು ನುಂಗುವುದೇ ಅದರ ಕಸುಬು. ಹಿಂದಿನ ಕಾಲದ ಜಪ್ತಿ ಅಮಲ್ದಾರನೇ ಸರಿ.

ಇದೇನು ಹೊಸ ಶೋಕಿ ಎನ್ನುವವರಿಗೆ ಒಂದು ಮಾತು. ಮುಂದೆ 1885ರಲ್ಲಿ ಕಾಂಗ್ರೆಸ್ ಸ್ಥಾಪಿಸಿದ ಎ. ಓ. ಹ್ಯೂಮ್ ಅದಕ್ಕೆ ಹತ್ತು ವರ್ಷ ಮೊದಲೇ ಸರಕಾರದ ಹಡಗೊಂದರಲ್ಲಿ ಲಕ್ಷದ್ವೀಪಕ್ಕೆ ಹೋಗಿ ಹಕ್ಕಿಗಳ ಲೆಕ್ಕ ಬರೆದರು, ಅದನ್ನು ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರು.

ಈಗ ಮುಖ್ಯ ವಿಷಯ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಅವರಲ್ಲಿ ನಮ್ಮಂತೆಯೇ ಸಮುದ್ರದ ರೂಢಿಯಿಲ್ಲದ ಒಳನಾಡಿನ ಕುಟುಂಬದವರಿದ್ದರು. ಮಿತಿಗಿಂತ ಹೆಚ್ಚು ಜನ ಹತ್ತಿದ್ದರೆಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಈ ಕಾರಣಕ್ಕೇ "ಪರಿಚಯದವರ ಮೀನು ದೋಣಿ ಇದೆ, ಅಗ್ಗವಾಗುತ್ತದೆ" ಎಂಬ ಸಲಹೆಯನ್ನು ನಾನು ಒಪ್ಪಲಿಲ್ಲ. ಮೀನು ಹಿಡಿಯುವ ದೋಣಿಗೆ ಇರುವ ಪರವಾನಗಿ ಮೀನಿಗೆ, ಜನರಿಗಲ್ಲ. ಪ್ರಯಾಣಿಕರನ್ನು ಒಯ್ಯಲು ಅನುಮತಿ ಇರುವ ದೋಣಿ, ತಲೆಗೊಂದು ಲೈಫ್ ಜಾಕೆಟ್, ಕರಾವಳಿ ಕಾವಲು ಪೊಲೀಸರಿಗೆ ಮುಂಚಿತ ಮಾಹಿತಿ: ಈ ಮೂರರಲ್ಲಿ ಒಂದು ಇಲ್ಲದಿದ್ದರೂ ನಾವು ಸೇಂಟ್ ಮೇರೀಸ್ ನೋಡಿಕೊಂಡು ವಾಪಸ್. ಹಣ ಹಿಂದಿರುಗಿಸಲಾಗುವುದು. ಕೋಪ ಮಾಡಿಕೊಳ್ಳುವವರು ಈಗಲೇ ಮಾಡಿಕೊಳ್ಳಿ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ಮೇಲೂ ಕೆಲವು ವಾರ ಕಡಲು ಒರಟಾಗಿರುತ್ತದೆ. ಅಕ್ಟೋಬರ್ ಆರಿಸಿದ್ದು ಅದಕ್ಕೆ.

ತಲೆ ಸುತ್ತು, ವಾಂತಿ ಬಹಳ ಜನರಿಗೆ ಆಗುತ್ತದೆ. ಖಾಲಿ ಹೊಟ್ಟೆಯೂ ಬೇಡ, ಪೂರಿಯೂ ಬೇಡ, ಎರಡು ಇಡ್ಲಿ ಸಾಕು. ದೋಣಿಯ ನಡುಭಾಗದಲ್ಲಿ ಕೂತು ದೂರದ ನೀರಿನ ಅಂಚನ್ನು ನೋಡುತ್ತಿರಿ, ಮೊಬೈಲ್ ಬೇಡ. ಮಾತ್ರೆ ಬೇಕಾದವರು ವೈದ್ಯರನ್ನು ಕೇಳಿ ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಹತ್ತು ವರ್ಷದೊಳಗಿನ ಮಕ್ಕಳು ದ್ವೀಪಕ್ಕಷ್ಟೇ ಬರಲಿ.

ಇನ್ನೊಂದು. ಬಿರುಗಾಳಿಗೆ ಸಿಕ್ಕಿ ದಣಿದ ಕಡಲ ಹಕ್ಕಿ ಕೆಲವೊಮ್ಮೆ ದಡಕ್ಕೆ ಬಂದು ಬೀಳುತ್ತದೆ. ನಡೆಯಲಾರದೆ ಒದ್ದಾಡುವುದನ್ನು ಕಂಡು ಜನ ಮತ್ತೆ ನೀರಿಗೆ ಎಸೆಯುತ್ತಾರೆ. ಹಾಗೆ ಮಾಡಬೇಡಿ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ.

2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದರಿಂದ ನಮ್ಮದೀಗ ಎರಡು ಜಿಲ್ಲೆಯ ಸಂಘ. ಆದರೂ ಪಟ್ಟಿ ಒಂದೇ. ಎರಡೂ ಗಾಡಿಗಳು ಚಿತ್ರದುರ್ಗದಲ್ಲಿ ಸೇರುತ್ತವೆ. ಹೆಸರು ಕೊಡುವಾಗ ವಯಸ್ಸು, ಈಜು ಬರುತ್ತದೆಯೇ, ದೋಣಿಗೋ ದ್ವೀಪಕ್ಕೋ ಎಂಬುದನ್ನು ತಪ್ಪದೆ ಬರೆಯಿರಿ. ದುರ್ಬೀನು ಇರುವವರು ತನ್ನಿ, ಸಂಘದಲ್ಲಿ ಇರುವುದು ಒಂದೇ.

– ಕಾರ್ಯದರ್ಶಿ