ಘಾಟಿ ಹತ್ತುವ ಜೀಪು, ಬಾನೆಟ್ ಕೆಳಗಿನ ಡಬ್ಬಿ

ಚಾಮರಾಜನಗರ ಜಿಲ್ಲೆಯ ಗಾಡಿಗಳ ಪಾಡೇ ಬೇರೆ. ಹೋಗುವಾಗ ಇಳಿಜಾರು, ಮನೆಗೆ ಮರಳುವಾಗ ಏರು. ಗುಂಡ್ಲುಪೇಟೆಯಿಂದ ಕೋಳಿಕ್ಕೋಡಿಗೆ ಹೊರಟವರು ತಾಮರಶ್ಶೇರಿ ಘಾಟಿಯ 9 ತಿರುವು ಇಳಿಯುತ್ತಾರೆ. ಚಾಮರಾಜನಗರದಿಂದ ಹಾಸನೂರು ಹಾದು ಸತ್ಯಮಂಗಲಕ್ಕೆ ಹೋದವರು ದಿಂಬಂನ 27 ತಿರುವು. ಊಟಿ ದಾರಿಯೊಂದು ಇದಕ್ಕೆ ಉಲ್ಟಾ. ವಾಪಸು ಬರುವಾಗ ಗಾಡಿ ಹೀಟ್ ಆಗಿ ನಿಂತಿತೋ, ತೊಂದರೆ ಅಲ್ಲಿಗೇ ಮುಗಿಯದು. ಬಂಡೀಪುರದ ಕಾಡುರಸ್ತೆ 2009ರಿಂದ ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೇ.

ಕಂಪನಿಯಿಂದ ಬಂದಂತೆಯೇ ಇರುವ ಕಾರಿಗೆ ಈ ಚಿಂತೆ ಕಡಿಮೆ. ಹಳೆಯ ಜೀಪಿಗೆ ಬೇರೊಂದು ಗಾಡಿಯ ಎಂಜಿನ್, ಮತ್ತೊಂದರ ರೇಡಿಯೇಟರ್ ಕೂರಿಸಿದಾಗಲೇ ತಕರಾರು. ಎಂಜಿನ್ ಬದಲಿಸಿದರೆ ಆರ್‌ಟಿಓ ಒಪ್ಪಿಗೆ ಬೇಕು, ಆರ್‌ಸಿಯಲ್ಲೂ ದಾಖಲಾಗಬೇಕು, ಅದಿರಲಿ. ಮೆಕ್ಯಾನಿಕ್‌ಗೆ ತಲೆನೋವು ಎತ್ತರದ್ದು. ಬಂದ ಎಂಜಿನ್‌ನ ಹೆಡ್ಡು ಹಳೆಯ ರೇಡಿಯೇಟರ್‌ನ ತಲೆಗಿಂತ ಮೇಲಕ್ಕೆ ಬಂದರೆ ಗಾಳಿ ಹೋಗಿ ಸೇರುವುದು ಹೆಡ್ಡಿನಲ್ಲೇ. ಅಲ್ಲಿ ನೀರು ಮುಟ್ಟದ ಲೋಹ ಕಾಯುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಸೆನ್ಸರ್ ನೀರಿಲ್ಲದ ಜಾಗದಲ್ಲಿದ್ದರೆ ಮೀಟರಿನ ಮುಳ್ಳು ಕೆಳಗೇ ಇದ್ದು ಡ್ರೈವರ್‌ಗೆ ಧೈರ್ಯ ಹೇಳುತ್ತಿರುತ್ತದೆ!

ಇದಕ್ಕೆ ಮದ್ದು ಎಕ್ಸ್‌ಪ್ಯಾನ್ಷನ್ ಟ್ಯಾಂಕು. ಹೆಚ್ಚಾದ ನೀರು ಹಿಡಿಯುವ ಬಾಟಲಿ ಎಂದು ಅನೇಕರು ತಿಳಿದಿದ್ದಾರೆ. ಹಾಗೆ ಹಿಡಿದಿಡುವ ಸಾದಾ ಬಾಟಲಿಯೂ ಉಂಟು. ಅದರಲ್ಲಿ ಒತ್ತಡವಿಲ್ಲ, ಒತ್ತಡದ ಕ್ಯಾಪ್ ರೇಡಿಯೇಟರ್ ಮೇಲೇ ಇರುತ್ತದೆ. ಇಲ್ಲಿ ಹೇಳುತ್ತಿರುವ ಟ್ಯಾಂಕಿಗೆ ಕ್ಯಾಪ್ ತನ್ನ ತಲೆಯ ಮೇಲೆ, ಕೆಲಸ ಗಾಳಿ ಬೇರ್ಪಡಿಸುವುದು. ಹಾಗಾಗಿ ಇಡೀ ವ್ಯವಸ್ಥೆಯಲ್ಲಿ ಅದೇ ಎಲ್ಲಕ್ಕಿಂತ ಎತ್ತರದಲ್ಲಿರಬೇಕು. ಬಾನೆಟ್ ತಗಲುತ್ತದೆಂದು ನಾಲ್ಕು ಬೆರಳು ಕೆಳಗೆ ಕೂರಿಸಿದರೆ, ಎಷ್ಟು ದುಬಾರಿ ಟ್ಯಾಂಕಾದರೂ ದಂಡ.

ಪೈಪುಗಳಲ್ಲಿ ಒಂದು ಸಣ್ಣದು, ಒಂದು ದಪ್ಪ. ಹೆಡ್ಡಿನ ಅತಿ ಮೇಲಿನ ಜಾಗದಿಂದಲೂ ರೇಡಿಯೇಟರ್‌ನ ತಲೆಯಿಂದಲೂ ಬೆರಳಿಗಿಂತ ತೆಳುವಾದ ಹೋಸ್ ಟ್ಯಾಂಕಿನ ಮೇಲ್ಭಾಗಕ್ಕೆ ಬರುತ್ತದೆ. ಗಾಳಿಯ ಜತೆ ಸ್ವಲ್ಪ ಕೂಲೆಂಟೂ ಹರಿದು ಬರುತ್ತದೆ. ಅದು ಬೇಕಾದಷ್ಟೇ; ದಪ್ಪ ಹೋಸ್ ಹಾಕಿದರೆ ಬಿಸಿನೀರು ರೇಡಿಯೇಟರ್ ತಪ್ಪಿಸಿಕೊಂಡು ಇಲ್ಲೇ ಸುತ್ತುತ್ತದೆ. ಟ್ಯಾಂಕಿನ ತಳದಿಂದ ಹೊರಡುವ ದಪ್ಪ ಹೋಸ್ ವಾಟರ್ ಪಂಪ್ ಎಳೆದುಕೊಳ್ಳುವ ಕಡೆಗೇ ಸೇರಬೇಕು. ಪಂಪಿನ ಬಾಯಲ್ಲಿ ಸದಾ ನೀರಿದ್ದರೆ ಗುಳ್ಳೆ ಹುಟ್ಟದು. ಸಣ್ಣ ಹೋಸ್ ಏರುತ್ತಲೇ ಹೋಗಬೇಕು, ನಡುವೆ ಬಟ್ಟೆ ಒಣಹಾಕುವ ಹಗ್ಗದಂತೆ ಜೋಲಬಾರದು. ಜೋತುಬಿದ್ದ ಮಡಿಕೆಯಲ್ಲಿ ನೀರು ನಿಂತು ಗಾಳಿಯ ದಾರಿ ಕಟ್ಟುತ್ತದೆ.

ಕ್ಯಾಪ್ ವಿಷಯದಲ್ಲಿ ನಮ್ಮಲ್ಲಿ ಉದಾಸೀನವೇ ಹೆಚ್ಚು. ಸುಮಾರು 800 ಮೀಟರ್ ಎತ್ತರದ ಗುಂಡ್ಲುಪೇಟೆಯಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಕ್ಯಾಪ್ ಬಿಗಿದರೆ ಅದೇ ನೀರು ಕುದಿಯಲು 115 ಡಿಗ್ರಿ ದಾಟಬೇಕು; ಕೂಲೆಂಟ್ ಬೆರೆತರೆ ಇನ್ನೂ ಮೇಲೆ. ಟ್ಯಾಂಕಿಗೆ ಕ್ಯಾಪ್ ಹಾಕಿದ ಮೇಲೆ ರೇಡಿಯೇಟರ್‌ನ ಹಳೆಯ ಕ್ಯಾಪ್ ತೆಗೆದು ವಾಲ್ವ್ ಇಲ್ಲದ ಮುಚ್ಚಳ ಹಾಕಬೇಕು. ಎರಡೂ ಕಡೆ ವಾಲ್ವ್ ಇದ್ದರೆ ದುರ್ಬಲವಾದದ್ದು ಮೊದಲು ಬಿಟ್ಟುಕೊಡುತ್ತದೆ.

ಟ್ಯಾಂಕನ್ನು ಕಂಠದ ತನಕ ತುಂಬಬಾರದು. 20ರಿಂದ 90 ಡಿಗ್ರಿಗೆ ಕಾದ 10 ಲೀಟರ್ ನೀರು ಮೂರೂವರೆ ನೂರು ಮಿಲಿಲೀಟರಿನಷ್ಟು ಉಬ್ಬುತ್ತದೆ, ಅದಕ್ಕೆ ಜಾಗ ಬೇಕು. ಮೊದಲ ಸಲ ತುಂಬುವಾಗ ಗಾಡಿಯ ಮೂತಿ ದಿಬ್ಬದ ಕಡೆ ಎತ್ತಿ ನಿಲ್ಲಿಸಿ, ಹೀಟರ್ ಇದ್ದರೆ ಅದನ್ನೂ ತೆರೆದಿಟ್ಟು, ಕ್ಯಾಪ್ ಹಾಕದೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಥರ್ಮೋಸ್ಟಾಟ್ ತೆರೆಯುವವರೆಗೆ ಕಾಯಬೇಕು. ಗುಳ್ಳೆ ನಿಂತ ಮೇಲೆ ಎಂಜಿನ್ ಆರಿಸಿ, ಪೂರ್ತಿ ತಣಿದ ನಂತರ ಗುರುತಿನವರೆಗೆ ತುಂಬಿ ಕ್ಯಾಪ್ ಬಿಗಿಯುವುದು. ಘಾಟಿಗೆ ಒಯ್ಯುವುದು ಅದಾದ ಮೇಲೆ, ಅದೂ ಮೊದಲ ಸಲ ಖಾಲಿ ಗಾಡಿಯಲ್ಲಿ.